ಶ್ರುತಿಸಾಮ್ಯ, ಲಯಸಾಮ್ಯ ಮತ್ತು ಸಂಯೋಗದ ಪ್ರಶ್ನೆ: ರೀಮಿಕ್ಸ್ ಕಲೆಯನ್ನು ಬೇಲಾಪುರದಿಂದ ನೋಡಿದಾಗ

1

ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಹಾಡನ್ನು ಅದರೊಳಕ್ಕೆ ತಂದು, ಕೇಳುವವರಿಗೆ ಸಂದು ತಿಳಿಯದಂತೆ ಎರಡನ್ನೂ ಬೆಸೆಯುವ ಕಲೆ ಕಳೆದ ಐವತ್ತು ವರ್ಷಗಳಲ್ಲಿ ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಬೆಳೆದು ನಿಂತಿದೆ. ಡಿಜೆ ಎಂಬ ಎರಡಕ್ಷರದ ಹೆಸರಿನವನು ಈ ಕಲೆಯ ಕರ್ತೃ. ಕನ್ನಡ ವಿಮರ್ಶೆಯಲ್ಲಿ ಈತನ ಪ್ರಸ್ತಾಪ ಬಂದಾಗ ಅದು ಬಹುಮಟ್ಟಿಗೆ ಅಭಿರುಚಿಯ ಪತನಕ್ಕೆ ದೃಷ್ಟಾಂತವಾಗಿ ಬರುತ್ತದೆ. ಇಲ್ಲವೆ ಸಂಕರ ಸಂಸ್ಕೃತಿಯ ಸಂಭ್ರಮಕ್ಕೆ ಸಾಕ್ಷಿಯಾಗಿ ಬರುತ್ತದೆ. ಈ ಎರಡು ನಿಲುವುಗಳೂ ಒಂದೇ ದೋಷವನ್ನು ಹಂಚಿಕೊಂಡಿವೆ. ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೋಡುವ ಮೊದಲೇ ಅವು ಅದಕ್ಕೆ ಬೆಲೆ ಕಟ್ಟುತ್ತವೆ.

ಡಿಜೆಯ ಕೆಲಸ ಮುಖ್ಯವಾಗಿ ಎರಡು ಹೊಂದಿಕೆಗಳನ್ನು ಅವಲಂಬಿಸಿದೆ. ಒಂದು, ಎರಡು ಹಾಡುಗಳ ಶ್ರುತಿಯ ಹೊಂದಿಕೆ. ಇನ್ನೊಂದು, ಅವುಗಳ ವೇಗದ ಹೊಂದಿಕೆ. ಈ ಹೊಂದಿಕೆಗಳನ್ನು ಇಂದು ಯಂತ್ರವು ಅಂಕಿಗಳಲ್ಲಿ ಹೇಳಿಕೊಡುತ್ತದೆ. ಅಂಕಿ ಸರಿಯಾದರೆ ಸಂಯೋಗ ಸಿದ್ಧಿಸಿತೆಂದು ತಿಳಿಯುವುದು ವಾಡಿಕೆಯಾಗಿದೆ. ಅಂಕಿಯ ಸಾಮ್ಯವು ಘರ್ಷಣೆಯನ್ನು ತಪ್ಪಿಸುತ್ತದೆಯೇ ಹೊರತು ಸಂಬಂಧವನ್ನು ನಿರ್ಮಿಸುವುದಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ. ಕೂಡುವ ಎರಡು ಹಾಡುಗಳಲ್ಲಿ ಯಾವುದು ಯಾವುದಕ್ಕಾಗಿ ಏನನ್ನು ಬಿಟ್ಟುಕೊಟ್ಟಿತು ಎಂಬ ಪ್ರಶ್ನೆಯೇ ಇಲ್ಲಿ ವಿಮರ್ಶೆಯ ಅಳತೆಗೋಲಾಗಬೇಕು. ಈ ಪ್ರಶ್ನೆಗೆ ಬೇಕಾದ ಪರಿಭಾಷೆ ನಮ್ಮ ಛಂದಸ್ಸು, ಸಂಗೀತಶಾಸ್ತ್ರ ಮತ್ತು ಯಕ್ಷಗಾನಗಳಲ್ಲಿ ಸಿದ್ಧವಾಗಿಯೇ ಇದೆ.

ಪರಿಶೀಲನೆಗೆ ಬೇಲಾಪುರವನ್ನು ಆರಿಸಿಕೊಳ್ಳಲು ಕಾರಣವಿದೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆ ರೂಪಿಸಿದ ನವಿ ಮುಂಬಯಿಯಲ್ಲಿ ಸೆಕ್ಟರುಗಳ ಚೌಕುಳಿಯ ನಡುವೆ ಹಳೆಯ ಊರುಗಳು ಹಾಗೆಯೇ ಉಳಿದುಕೊಂಡಿವೆ. ಬೇಲಾಪುರದ ದಿವಾಳೆ ಮೀನುಗಾರರ ಊರು. ಆಗ್ರೋಳಿ ಅದರ ನೆರೆಯದು. ಇಲ್ಲಿನ ಕೋಳಿ ಮತ್ತು ಆಗ್ರಿ ಸಮುದಾಯಗಳ ಮದುವೆಯ ಅರಿಶಿನದ ರಾತ್ರಿಗಳಲ್ಲಿ ಕೋಳಿಗೀತೆಗಳು ಡಿಜೆಯ ಪೆಟ್ಟಿಗೆಗಳಿಂದ ಮೊಳಗುತ್ತವೆ. ಅದೇ ಹಾರ್ಬರ್ ರೈಲುಮಾರ್ಗದ ಉದ್ದಕ್ಕೂ ನೆಲೆಸಿರುವ ತುಳು-ಕನ್ನಡಿಗರು ಸಭಾಗೃಹಗಳಲ್ಲಿ ಯಕ್ಷಗಾನವನ್ನು ಆಡಿಸುತ್ತಾರೆ. ಹೀಗೆ ಭಾಗವತನ ಜಾಗಟೆ ಮತ್ತು ಡಿಜೆಯ ಮಂದ್ರ ಎರಡೂ ಒಂದೇ ಪೀಳಿಗೆಯ ಕಿವಿಯನ್ನು ಇಲ್ಲಿ ತಿದ್ದುತ್ತಿವೆ. ಆ ಕಿವಿ ಏನನ್ನು ಸರಿ ಎಂದು ಕೇಳುತ್ತದೆ ಎಂಬುದರ ಮೇಲೆ ಹೊರನಾಡಿನಲ್ಲಿ ಕನ್ನಡದ ಹಾಡುಗಬ್ಬದ ಭವಿಷ್ಯ ಸ್ವಲ್ಪಮಟ್ಟಿಗಾದರೂ ನಿಂತಿದೆ.

2

ಮೊದಲು ತಂತ್ರವನ್ನು ವಿವರಿಸುವುದು ಅವಶ್ಯ. ಡಿಜೆಯ ಮುಂದೆ ಎರಡು ತಿರುಗುತಟ್ಟೆಗಳು, ನಡುವೆ ಧ್ವನಿಯನ್ನು ಏರಿಳಿಸುವ ಮಿಕ್ಸರ್. ಒಂದು ತಟ್ಟೆಯ ಹಾಡು ಸಭೆಗೆ ಕೇಳಿಸುತ್ತಿರುವಾಗ ಇನ್ನೊಂದರ ಹಾಡನ್ನು ಆತ ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ ಸಿದ್ಧಗೊಳಿಸುತ್ತಾನೆ. ನಿಮಿಷಕ್ಕೆ 125 ಪೆಟ್ಟಿನ ಹಾಡಿನ ಮೇಲೆ 128 ಪೆಟ್ಟಿನ ಹಾಡನ್ನು ಕೂರಿಸಬೇಕಾದರೆ ಎರಡನೆಯದನ್ನು ಸ್ವಲ್ಪ ನಿಧಾನಿಸಬೇಕು. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಮಾದರಿಯ ಎರಡನೆಯ ಆವೃತ್ತಿಯಲ್ಲಿ ವೇಗವನ್ನು ಶೇಕಡಾ 8ರಷ್ಟು ಹೆಚ್ಚು-ಕಡಿಮೆ ಮಾಡುವ ಸರಿಗೋಲು ಇತ್ತು. ಈ ಕಲೆಯ ಬಹುಭಾಗ ಆ ಸರಿಗೋಲಿನ ಮೇಲೆ ಬೆಳೆಯಿತು.

ತಟ್ಟೆಯ ವೇಗವನ್ನು ಬದಲಿಸಿದಾಗ ಶ್ರುತಿಯೂ ಬದಲಾಗುತ್ತದೆ. ಬ್ಯಾಟರಿ ಸೋತ ಟೇಪ್‌ರೆಕಾರ್ಡರಿನಲ್ಲಿ ಯಕ್ಷಗಾನದ ಕ್ಯಾಸೆಟ್ಟು ಕೇಳಿದವರಿಗೆಲ್ಲ ಇದರ ಅನುಭವವಿದೆ: ಪದ್ಯ ನಿಧಾನವಾಗುವುದರ ಜೊತೆಗೆ ಭಾಗವತರ ಕಂಠವೂ ಕೆಳಕ್ಕಿಳಿಯುತ್ತದೆ. ವೇಗವನ್ನು ಸುಮಾರು ಶೇಕಡಾ 6ರಷ್ಟು ಏರಿಸಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ನಮ್ಮ ಭಾಗವತರ ಭಾಷೆಯಲ್ಲಿ ಹೇಳುವುದಾದರೆ, ಬಿಳಿ ಒಂದರಲ್ಲಿದ್ದ ಹಾಡು ಕಪ್ಪು ಒಂದಕ್ಕೆ ಹೋಗುತ್ತದೆ. ಆದ್ದರಿಂದ ತಟ್ಟೆಯ ಕಾಲದಲ್ಲಿ ಲಯವನ್ನು ಹೊಂದಿಸಿದವನು ಶ್ರುತಿಯನ್ನು ಕಳೆದುಕೊಳ್ಳುತ್ತಿದ್ದ. ಶ್ರುತಿಯನ್ನು ಉಳಿಸಿಕೊಂಡವನು ಲಯದಲ್ಲಿ ರಾಜಿಯಾಗುತ್ತಿದ್ದ. ಗಣಕಯಂತ್ರ ಈ ಗಂಟನ್ನು ಬಿಚ್ಚಿತು. ಈಗ ವೇಗವನ್ನು ಮುಟ್ಟದೆ ಶ್ರುತಿಯನ್ನೂ, ಶ್ರುತಿಯನ್ನು ಮುಟ್ಟದೆ ವೇಗವನ್ನೂ ಬದಲಿಸಬಹುದು. ಪ್ರತಿಬಂಧ ಹೋದೊಡನೆ ಆಯ್ಕೆಯ ಹೊಣೆ ಕಲಾವಿದನ ಮೇಲೆ ಬಿತ್ತು.

ಈ ಹೊಣೆಯನ್ನು ಹಗುರಮಾಡಲು ಕೆಮೆಲಾಟ್ ಚಕ್ರವೆಂಬ ಪಟವೊಂದು ಬಳಕೆಯಲ್ಲಿದೆ. ಗಡಿಯಾರದ ಮುಖದಂತೆ ಅದರಲ್ಲಿ ಹನ್ನೆರಡು ಸ್ಥಾನಗಳು. ಪ್ರತಿಯೊಂದಕ್ಕೂ ಎ ಮತ್ತು ಬಿ ಎಂಬ ಎರಡು ವಲಯಗಳು. ಪಾಶ್ಚಾತ್ಯ ಸಂಗೀತದ ಹನ್ನೆರಡು ಮೈನರ್ ಶ್ರೇಣಿಗಳು ಎ ವಲಯದಲ್ಲಿಯೂ ಹನ್ನೆರಡು ಮೇಜರ್ ಶ್ರೇಣಿಗಳು ಬಿ ವಲಯದಲ್ಲಿಯೂ ಇವೆ. 8ಬಿ ಎಂಬ ಹಾಡಿನಿಂದ 7ಬಿ, 9ಬಿ ಅಥವಾ 8ಎ ಎಂಬ ಹಾಡಿಗೆ ದಾಟಿದರೆ ಅಪಶ್ರುತಿ ಕೇಳಿಸದು ಎಂಬುದು ಸೂತ್ರ. ಹಾಡಿನ ಹೆಸರಿನ ಪಕ್ಕದಲ್ಲಿ ಈ ಗುರುತನ್ನೂ ನಿಮಿಷದ ಪೆಟ್ಟುಗಳ ಸಂಖ್ಯೆಯನ್ನೂ ಯಂತ್ರವೇ ಬರೆದುಕೊಡುತ್ತದೆ.

ಈ ಪಟದ ಹಿಂದಿನ ತತ್ತ್ವ ನಮಗೆ ಅಪರಿಚಿತವಲ್ಲ. ಪಕ್ಕದ ಸಂಖ್ಯೆಗೆ ಹೋಗುವುದೆಂದರೆ ಷಡ್ಜದಿಂದ ಪಂಚಮಕ್ಕೆ, ಇಲ್ಲವೆ ಮಧ್ಯಮಕ್ಕೆ ಹೋಗುವುದು. ನಾಟ್ಯಶಾಸ್ತ್ರವು ಹೇಳುವ ಸಂವಾದಿತ್ವದ ಅಂತರಗಳು ಇವೇ ಆಗಿವೆ. ಅದೇ ಸಂಖ್ಯೆಯಲ್ಲಿ ವಲಯವನ್ನು ಬದಲಿಸುವುದೆಂದರೆ ಅದೇ ಸ್ವರಗಳನ್ನು ಉಳಿಸಿಕೊಂಡು ಆಧಾರವನ್ನು ಮಾತ್ರ ಬದಲಿಸುವುದು. ಇದು ನಮ್ಮ ಮೂರ್ಛನೆಯ, ಈಚಿನ ಮಾತಿನಲ್ಲಿ ಗ್ರಹಭೇದದ, ತತ್ತ್ವ. ಬೇರೆ ಬೇರೆ ದಾರಿಗಳಿಂದ ಬಂದ ಎರಡು ಸಂಪ್ರದಾಯಗಳು ಒಂದೇ ಗಣಿತವನ್ನು ಕಂಡುಕೊಂಡಿವೆ. ಆದರೆ ಆ ಗಣಿತಕ್ಕೆ ಅವು ಕೊಟ್ಟ ಅರ್ಥ ಒಂದೇ ಅಲ್ಲ.

3

ಮೋಹನ ರಾಗವನ್ನು ಬಿಳಿ ಒಂದರ ಶ್ರುತಿಯಲ್ಲಿ ಹಾಡಿದಾಗ ಬರುವ ಐದು ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು, ಆಧಾರ ಷಡ್ಜವನ್ನು ಬಿಳಿ ಆರಕ್ಕೆ ಸರಿಸಿದರೆ ಶುದ್ಧ ಧನ್ಯಾಸಿ ಹುಟ್ಟುತ್ತದೆ. ಒಂದು ಸ್ವರವೂ ಬದಲಾಗಿಲ್ಲ. ಚಕ್ರದ ಲೆಕ್ಕದಲ್ಲಿ ಇವು 8ಬಿ ಮತ್ತು 8ಎ, ಅಂದರೆ ಪರಮ ಹೊಂದಿಕೆಯ ಜೋಡಿ. ನಮ್ಮ ಲೆಕ್ಕದಲ್ಲಿಯಾದರೋ ಇವು ಎರಡು ಬೇರೆ ರಾಗಗಳು, ಎರಡು ಬೇರೆ ಭಾವಲೋಕಗಳು. ಕರ್ನಾಟಕ ಸಂಗೀತದ ಕಚೇರಿಯಲ್ಲಿ ಗಾಯಕ ಗ್ರಹಭೇದವನ್ನು ಮಾಡಿದಾಗ ತಂಬೂರಿ ಹಳೆಯ ಷಡ್ಜವನ್ನೇ ಹಿಡಿದಿರುತ್ತದೆ. ಕೇಳುಗನಿಗೆ ಕ್ಷಣಕಾಲ ಇನ್ನೊಂದು ರಾಗದ ನೆರಳು ಕಾಣುತ್ತದೆ. ಆಮೇಲೆ ಗಾಯಕ ಮೂಲಕ್ಕೆ ಮರಳುತ್ತಾನೆ. ಮರಳುವ ಸ್ಥಳವೊಂದು ಇರುವುದರಿಂದಲೇ ಆ ಚಮತ್ಕಾರಕ್ಕೆ ಬೆಲೆ.

ಡಿಜೆಯ ಸಂಯೋಗದಲ್ಲಿ ತಂಬೂರಿಯ ಸ್ಥಾನದಲ್ಲಿರುವುದು ಮಂದ್ರ, ಅಂದರೆ ಬೇಸ್. ಎರಡು ಹಾಡುಗಳು ಕೂಡಿ ನಡೆಯುತ್ತಿರುವಾಗ ಎರಡರ ಮಂದ್ರವನ್ನೂ ಒಟ್ಟಿಗೆ ಬಿಟ್ಟರೆ ಧ್ವನಿ ಕಲಸಿಹೋಗುತ್ತದೆ. ಆದುದರಿಂದ ನುರಿತವನು ಹೊಸ ಹಾಡಿನ ಮಂದ್ರವನ್ನು ತಡೆಹಿಡಿದು ಮೇಲಿನ ಸ್ವರಗಳನ್ನು ಮಾತ್ರ ಒಳಗೆ ಬಿಡುತ್ತಾನೆ. ಸರಿಯಾದ ಆವರ್ತದ ಮೊದಲ ಪೆಟ್ಟಿಗೆ ಹಳೆಯ ಮಂದ್ರವನ್ನು ತೆಗೆದು ಹೊಸದನ್ನು ಕೊಡುತ್ತಾನೆ. ಆ ಕ್ಷಣದವರೆಗೆ ಮೋಹನವಾಗಿ ಕೇಳುತ್ತಿದ್ದ ಸ್ವರಗಳೇ ಆ ಕ್ಷಣದಿಂದ ಶುದ್ಧ ಧನ್ಯಾಸಿಯಾಗಿ ಕೇಳುತ್ತವೆ. ಇದು ನೆರಳಿನ ಗ್ರಹಭೇದವಲ್ಲ, ಆಧಾರವೇ ಸ್ಥಳ ಬದಲಿಸುವ ಗ್ರಹಭೇದ. ಇದಕ್ಕೆ ಮರಳುವ ಮೂಲವಿಲ್ಲ. ಕಚೇರಿಯ ಗಾಯಕನದು ಊರಿಗೆ ಹಿಂತಿರುಗುವವನ ಪ್ರವಾಸವಾದರೆ ಡಿಜೆಯದು ನೆಲೆ ಬದಲಿಸಿದವನ ಪ್ರಯಾಣ. ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಭ್ರಷ್ಟವೆಂದೂ ಕರೆಯುವುದು ಅವಿಚಾರ. ಎರಡಕ್ಕೂ ಬೇರೆ ಬೇರೆ ಔಚಿತ್ಯಗಳಿವೆ. ಮಂದ್ರವನ್ನು ಹಸ್ತಾಂತರಿಸುವ ಕ್ಷಣದ ಆಯ್ಕೆಯಲ್ಲಿ ಡಿಜೆಯ ವಿವೇಕವೆಲ್ಲ ಅಡಗಿದೆ. ಚಕ್ರದ ಅಂಕಿ ಆತನಿಗೆ ಅನುಮತಿಯನ್ನು ಮಾತ್ರ ಕೊಡುತ್ತದೆ.

ಅನುಮತಿಯೂ ಎಷ್ಟೋ ಬಾರಿ ದಾರಿ ತಪ್ಪಿಸುತ್ತದೆ. ಹಿಂದೂಸ್ತಾನಿಯ ಭೂಪಾಲಿ ಮತ್ತು ದೇಶಕಾರಗಳಲ್ಲಿ ಸ್ವರಗಳು ಒಂದೇ, ಷಡ್ಜವೂ ಒಂದೇ ಆಗಿರಬಹುದು. ಭೂಪಾಲಿ ಗಾಂಧಾರದಲ್ಲಿ ನೆಲೆಯೂರುವ ರಾತ್ರಿಯ ರಾಗ. ದೇಶಕಾರ ಧೈವತವನ್ನು ನೆಚ್ಚಿಕೊಂಡ ಬೆಳಗಿನ ರಾಗ. ಸ್ವರಗಳನ್ನು ಎಣಿಸುವ ಯಂತ್ರಕ್ಕೆ ಇವು ಒಂದೇ ಹಾಡಿನ ಎರಡು ಪ್ರತಿಗಳು. ಇವನ್ನು ಒಂದರ ಮೇಲೊಂದು ಹರಡಿದರೆ ಅಪಶ್ರುತಿ ಬರುವುದಿಲ್ಲ; ಎರಡು ರಾಗಗಳೂ ಇಲ್ಲವಾಗುತ್ತವೆ. ಮಾಲಕೌಂಸದ ಉದಾಹರಣೆ ಇನ್ನೂ ಸ್ಪಷ್ಟ. ನಮ್ಮ ಹಿಂದೋಳದ ಸ್ವರಗಳೇ ಇದರವು. ಇದರಲ್ಲಿ ಪಂಚಮವಿಲ್ಲ, ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಳ್ಳಬೇಕು. ಬಿಳಿ ಒಂದರಲ್ಲಿ ಹಾಡಿದ ಮಾಲಕೌಂಸದ ಐದು ಸ್ವರಗಳು ಬಿಳಿ ನಾಲ್ಕನ್ನು ಆಧಾರವಾಗಿ ಉಳ್ಳ ಐದು ಸ್ವರಗಳ ಮೈನರ್ ಶ್ರೇಣಿಗೆ ಸಮವಾಗಿವೆ. ಸ್ವರಸಮೂಹವನ್ನು ಮಾತ್ರ ನೋಡುವ ಲೆಕ್ಕಕ್ಕೆ ಷಡ್ಜ ಯಾವುದು, ಮಧ್ಯಮ ಯಾವುದು ಎಂಬುದನ್ನು ನಿರ್ಣಯಿಸುವ ದಾರಿಯೇ ಇಲ್ಲ. ಮಾಯಾಮಾಳವಗೌಳದಂತಹ ರಾಗಕ್ಕಂತೂ ಮೇಜರ್-ಮೈನರ್ ಎಂಬ ಎರಡು ಕೋಣೆಗಳಲ್ಲಿ ಒಂದೂ ತಕ್ಕುದಲ್ಲ.

ಭಾಗವತರು ಶ್ರುತಿಯನ್ನು ಕಪ್ಪು ಎರಡು, ಬಿಳಿ ಐದು ಎಂದು ಹಾರ್ಮೋನಿಯಂನ ಕೀಗಳ ಎಣಿಕೆಯಿಂದ ಹೇಳುತ್ತಾರೆ. ಇದೂ ಒಂದು ಬಗೆಯ ಅಂಕಿಯೇ. ಆದರೆ ಆ ಅಂಕಿ ಆಧಾರ ಷಡ್ಜವನ್ನು ಮಾತ್ರ ಹೆಸರಿಸಿ ಸುಮ್ಮನಾಗುತ್ತದೆ. ರಾಗದ ಬಗ್ಗೆ ತೀರ್ಪು ಕೊಡುವುದಿಲ್ಲ. ಕೆಮೆಲಾಟ್ ಗುರುತು ಆಧಾರ ಮತ್ತು ಶ್ರೇಣಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಹೋಗಿ, ರಾಗಾಧಾರಿತ ಹಾಡುಗಳ ವಿಷಯದಲ್ಲಿ ಎರಡನ್ನೂ ಅಸ್ಪಷ್ಟಗೊಳಿಸುತ್ತದೆ.

4

ಈ ಸಮಸ್ಯೆಗೆ ಮುಂಬಯಿಯಲ್ಲಿಯೇ ಬಹಳ ಮೊದಲು ದೊರೆತ ಒಂದು ಉತ್ತರವನ್ನು ಇಲ್ಲಿ ಪರಿಶೀಲಿಸಬೇಕು. ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ ಎಂಬ ವಾದಕರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ನುಡಿಸಿ ಎಚ್‌ಎಂವಿಗಾಗಿ ಒಂದು ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದರು. ಜಪಾನಿನ ರೋಲಂಡ್ ಸಂಸ್ಥೆಯ ಮೂರು ಯಂತ್ರಗಳನ್ನು ಅವರು ಬಳಸಿದರು: ಲಯಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303, ರಾಗಕ್ಕೆ ಜ್ಯೂಪಿಟರ್-8. ಆ ಕಾಲದಲ್ಲಿ ಮುದ್ರಿಕೆಗೆ ಮನ್ನಣೆ ದೊರೆಯಲಿಲ್ಲ. 2010ರಲ್ಲಿ ಅದು ಯೂರೋಪಿನಲ್ಲಿ ಮರುಪ್ರಕಟವಾದಾಗ ವಿಮರ್ಶಕರು ಬೆರಗಾದರು. ಆಸಿಡ್ ಹೌಸ್ ಎಂದು ಹೆಸರಾದ ಸಂಗೀತ ಷಿಕಾಗೊದಲ್ಲಿ 1987ರ ಸುಮಾರಿಗೆ ಇದೇ 303 ಯಂತ್ರದಿಂದ ಮೂಡಿತ್ತು. ಮುಂಬಯಿಯ ಮುದ್ರಿಕೆ ಅದಕ್ಕಿಂತ ಐದು ವರ್ಷ ಹಿಂದಿನದು. ಚರಣ್‌ಜಿತ್ ಸಿಂಗ್ 2015ರಲ್ಲಿ ಮುಂಬಯಿಯಲ್ಲಿ ನಿಧನರಾದರು.

ಯಾರು ಮೊದಲಿಗರು ಎಂಬ ಚರ್ಚೆಯಲ್ಲಿ ಈ ಕೃತಿಯ ನಿಜವಾದ ಗುಣ ಮರೆಯಾಗಿದೆ. ಷಿಕಾಗೊದವರಿಗೆ ಇದರ ಪರಿಚಯವಿತ್ತೆಂದು ಹೇಳಲು ಆಧಾರವಿಲ್ಲ. ಆದ್ದರಿಂದ ಪ್ರಭಾವದ ಮಾತು ಅಪ್ರಸ್ತುತ. ಗಮನಿಸಬೇಕಾದದ್ದು ಇಷ್ಟು: ರಾಗಸಂಗೀತ ಮತ್ತು ಯಂತ್ರಲಯ ಇಲ್ಲಿ ಕೂಡಿದ್ದು ಕೀಯ ಮೂಲಕವಲ್ಲ, ಆಧಾರ ಶ್ರುತಿಯ ಮೂಲಕ. ಸ್ವರಮೇಳಗಳ ಬದಲಾವಣೆಯನ್ನು ಕೃತಿ ಕೈಬಿಟ್ಟಿದೆ. ಮಂದ್ರ ಷಡ್ಜವನ್ನು ಕೇಂದ್ರವಾಗಿ ಇಟ್ಟುಕೊಂಡು ಸುತ್ತುತ್ತಿರುತ್ತದೆ. ತಂಬೂರಿಯ ಕೆಲಸವನ್ನು ಅದು ವಹಿಸಿಕೊಂಡಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ 303ರ ಗುಣ ಮೀಂಡಿನ ದೂರದ ಸ್ಮರಣೆಯನ್ನಾದರೂ ತರುತ್ತದೆ. ಟೆಕ್ನೋ ಸಂಗೀತವೂ ಬಹುಪಾಲು ಒಂದೇ ಆಧಾರದ ಮೇಲೆ ದೀರ್ಘಕಾಲ ನಿಲ್ಲುವ ಸಂಗೀತ. ರಾಗ ಮತ್ತು ಟೆಕ್ನೋಗಳ ಸಾಮ್ಯ ಇರುವುದು ಈ ಸ್ಥಾಯಿತ್ವದಲ್ಲಿ.

ಕೃತಿಯ ಮಿತಿಯನ್ನೂ ಹೇಳಬೇಕು. ನಸುಕಿನ ಲಲಿತ, ರಾತ್ರಿಯ ಭೂಪಾಲಿ, ಹಗಲಿನ ತೋಡಿ ಇಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಎಲ್ಲಕ್ಕೂ ಯಂತ್ರದ ಅದೇ ನಾಲ್ಕು ಪೆಟ್ಟಿನ ನಡಿಗೆ. ವಿಲಂಬದಿಂದ ದ್ರುತಕ್ಕೆ ಬೆಳೆಯುವ ಕ್ರಮ ಸಂಪೂರ್ಣವಾಗಿ ಬಿಟ್ಟುಹೋಗಿದೆ. ಶ್ರುತಿಯ ಕಡೆಯಿಂದ ರಾಗ ಏನನ್ನೂ ಕಳೆದುಕೊಂಡಿಲ್ಲ. ಕಾಲದ ಕಡೆಯಿಂದ ಬಹಳವನ್ನು ಬಿಟ್ಟುಕೊಟ್ಟಿದೆ. ಲಯದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಎತ್ತಿಕೊಳ್ಳಬೇಕಾದ ಅಗತ್ಯ ಇಲ್ಲಿ ಒದಗುತ್ತದೆ.

5

ವೇಗ ಬೇರೆ, ಗತಿ ಬೇರೆ. ನಿಮಿಷಕ್ಕೆ ಎಷ್ಟು ಪೆಟ್ಟು ಎಂಬುದು ವೇಗ. ಒಂದು ಪೆಟ್ಟಿನೊಳಗೆ ಎಷ್ಟು ಮಾತ್ರೆ ಎಂಬುದು ಗತಿ. ಯಂತ್ರದ ಅಂಕಿ ಮೊದಲನೆಯದನ್ನು ಹೇಳಿ ಎರಡನೆಯದರ ಬಗ್ಗೆ ಮೌನವಾಗಿರುತ್ತದೆ. ಕನ್ನಡ ಛಂದಸ್ಸನ್ನು ಬಲ್ಲವರಿಗೆ ಈ ವ್ಯತ್ಯಾಸ ಸುಪರಿಚಿತ. ಭೋಗ ಷಟ್ಪದಿ ಮೂರು ಮಾತ್ರೆಯ ಗಣಗಳಲ್ಲಿಯೂ ಶರ ಷಟ್ಪದಿ ನಾಲ್ಕು ಮಾತ್ರೆಯ ಗಣಗಳಲ್ಲಿಯೂ ನಡೆಯುತ್ತದೆ. ಇವೆರಡನ್ನು ಒಂದೇ ವೇಗದಲ್ಲಿ ಓದಬಹುದು. ಒಂದೇ ನಡೆಯಲ್ಲಿ ಓದಲಾಗದು.

ದಿವಾಳೆಯಂತಹ ಊರುಗಳ ಕೋಳಿಗೀತೆಯ ನಡೆ ಸಾಮಾನ್ಯವಾಗಿ ಆರು ಮಾತ್ರೆಯದು, ಮೂರು ಮೂರಾಗಿ ತೂಗುವಂಥದು. ದೋಣಿಯ ತೂಗಾಟವನ್ನು ಅದರಲ್ಲಿ ಕಾಣುವವರಿದ್ದಾರೆ. ಇದನ್ನು ಟೆಕ್ನೋ ಅಥವಾ ಹೌಸ್ ಲಯಕ್ಕೆ ರೀಮಿಕ್ಸ್ ಮಾಡುವಾಗ ಎರಡು ದಾರಿಗಳಿವೆ. ಮೂರು ಮಾತ್ರೆಯ ಪ್ರತಿಯೊಂದು ಗಣವನ್ನು ಯಂತ್ರದ ಒಂದು ಪೆಟ್ಟಿಗೆ ಸರಿಯಾಗಿ ಕೂರಿಸಿ, ಒಳಗಿನ ತ್ರಿಶ್ರವನ್ನು ಉಳಿಸಿಕೊಳ್ಳುವುದು ಒಂದು ದಾರಿ. ಆಗ ಕೆಳಗೆ ನಾಲ್ಕರ ಗಟ್ಟಿ ನೆಲ, ಮೇಲೆ ಮೂರರ ತೂಗಾಟ. ಹಾಡು ತನ್ನ ಮೈಯನ್ನು ಕಳೆದುಕೊಳ್ಳುವುದಿಲ್ಲ. ಮೂರು, ಮೂರು, ಎರಡು ಎಂದು ಎಂಟು ಮಾತ್ರೆಗೆ ಹಿಗ್ಗಿಸಿ ಹಾಡನ್ನು ಚತುರಶ್ರದ ಚೌಕಟ್ಟಿನೊಳಕ್ಕೆ ತಳ್ಳುವುದು ಇನ್ನೊಂದು. ಎರಡು ಮಾತ್ರೆಯ ಪುಟ್ಟ ತುಂಡೊಂದು ಇಲ್ಲಿ ಹೊರಗಿನಿಂದ ಸೇರಿತು. ತೂಗಾಟ ಹೋಗಿ ನೂಕು ಬಂತು. ಕುಣಿಯುವ ಜನಕ್ಕೆ ಎರಡನೆಯದು ಸುಲಭ. ಎರಡೂ ದಾರಿಗಳಲ್ಲಿ ಯಂತ್ರದ ಅಂಕಿ ಒಂದೇ ಆಗಿರಬಹುದು. ಬಿಟ್ಟುಕೊಟ್ಟದ್ದರ ಲೆಕ್ಕ ಮಾತ್ರ ಬೇರೆ.

ಇದೇ ಪರೀಕ್ಷೆಯನ್ನು ಭಾಮಿನಿ ಷಟ್ಪದಿಗೆ ಒಡ್ಡಿದರೆ ಬರುವ ಫಲ ಕುತೂಹಲಕರವಾಗಿದೆ. ಭಾಮಿನಿಯ ಗಣವಿನ್ಯಾಸ ಮೂರು-ನಾಲ್ಕು, ಅಂದರೆ ಏಳರ ಮಿಶ್ರಗತಿ. ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಲ್ಲಿ 14 ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ 21ರ ಮೇಲೊಂದು ಗುರು ಸೇರಿ 23. ವಾಚನದಲ್ಲಿ ಕೊನೆಯ ಗುರುವಿನ ಬಳಿಕ ಐದು ಮಾತ್ರೆಯ ವಿಶ್ರಾಂತಿ ಕೊಟ್ಟರೆ ಆ ಪಾದಗಳು 28 ಆಗುತ್ತವೆ. ಆಗ ಅರ್ಧ ಪದ್ಯಕ್ಕೆ 56, ಇಡೀ ಪದ್ಯಕ್ಕೆ 112 ಮಾತ್ರೆ. ಟೆಕ್ನೋ ಲಯದಲ್ಲಿ ಪೆಟ್ಟಿಗೆ ನಾಲ್ಕು ಮಾತ್ರೆಯೆಂದು ಹಿಡಿದರೆ ನಾಲ್ಕು ಪೆಟ್ಟಿನ ಒಂದು ಆವರ್ತಕ್ಕೆ 16 ಮಾತ್ರೆ. 112 ಮಾತ್ರೆಗಳೆಂದರೆ ಸರಿಯಾಗಿ ಏಳು ಆವರ್ತಗಳು. ಗಣದೊಳಗಿನ ಏಳು ಆವರ್ತಗಳ ಎಣಿಕೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ನಡುವೆ ಎಲ್ಲಿಯೂ ಏಳು ಮತ್ತು ನಾಲ್ಕರ ಜಗಳವನ್ನು ಮರೆಮಾಚಬೇಕಾಗಿಲ್ಲ. 28 ಮಾತ್ರೆಗೊಮ್ಮೆ ಅವು ತಾವಾಗಿ ಒಂದೇ ಪೆಟ್ಟಿನಲ್ಲಿ ಸೇರುತ್ತವೆ. ಟೆಕ್ನೋದ ವಾಕ್ಯ ಎಂಟು ಆವರ್ತಗಳದ್ದಾದ್ದರಿಂದ ಪದ್ಯ ಮುಗಿದ ಮೇಲೆ ಒಂದು ಆವರ್ತ ಖಾಲಿ ಉಳಿಯುತ್ತದೆ. ಯಕ್ಷಗಾನದಲ್ಲಿ ಚೆಂಡೆ-ಮದ್ದಳೆಗಳ ಬಿಡ್ತಿಗೆಗೆ ದೊರೆಯುವ ಜಾಗವೇ ಇದು. ನಡುಗನ್ನಡದ ಒಂದು ಛಂದೋರೂಪ ಒಂದು ಮಾತ್ರೆಯನ್ನೂ ಬಿಟ್ಟುಕೊಡದೆ ಹೊಸ ಲಯದ ಮೇಲೆ ನಿಲ್ಲಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಹಾಗೆ ನಿಲ್ಲಿಸಬೇಕಾದರೆ ಛಂದಸ್ಸು ತಿಳಿದಿರಬೇಕು. ವೇಗಮಾಪಕವೊಂದನ್ನೇ ನೆಚ್ಚಿದರೆ ಸಾಲದು.

6

ಈಗ ಯಕ್ಷಗಾನದ ಕಡೆಗೆ ಬರೋಣ. ರಾತ್ರಿಯಿಡೀ ನಡೆಯುವ ಬಯಲಾಟದ ಭಾಗವತನೂ ಒಂದು ಅರ್ಥದಲ್ಲಿ ಹಾಡುಗಳ ಸಂಯೋಜಕ. ನೂರಾರು ಪದ್ಯಗಳನ್ನು ರಾಗದಿಂದ ರಾಗಕ್ಕೆ, ತಾಳದಿಂದ ತಾಳಕ್ಕೆ ದಾಟಿಸುತ್ತ, ಸಭೆಯ ಎಚ್ಚರವನ್ನು ಕಾಯುತ್ತ ಆತ ಬೆಳಗಿನ ಮಂಗಳದವರೆಗೆ ಕಥೆಯನ್ನು ಒಯ್ಯಬೇಕು. ಜಾವಕ್ಕೆ ತಕ್ಕ ರಾಗವನ್ನು ಆರಿಸುವ, ಯುದ್ಧದ ಏರುಪದಗಳಿಗೆ ಕಾಲವನ್ನು ಏರಿಸುವ ವಿವೇಕ ಆತನದು. ಮದ್ದಳೆಯನ್ನು ಆತನ ಶ್ರುತಿಗೆ ಹೊಂದಿಸಿರುತ್ತಾರೆ. ಮದ್ದಳೆಯ ಶ್ರುತಿಯನ್ನು ಒಂದು ಮಿತಿಯೊಳಗೆ ಮಾತ್ರ ಏರಿಳಿಸಬಹುದಾದ್ದರಿಂದ ಭಾಗವತರು ಬದಲಾದಾಗ ಬೇರೆ ಮದ್ದಳೆ ಕೈಗೆ ಬರುತ್ತದೆ. ಈ ಬದಲಾವಣೆ ಎರಡು ಪದ್ಯಗಳ ನಡುವೆ ನಡೆಯುತ್ತದೆ. ಪಾತ್ರಧಾರಿಯ ಮಾತು ಆ ಎಡೆಯನ್ನು ತುಂಬುತ್ತದೆ. ಹೀಗೆ ಯಕ್ಷಗಾನದಲ್ಲಿ ಎರಡು ಹಾಡುಗಳನ್ನು ಜೋಡಿಸುವುದು ಅರ್ಥ. ಹಾಡಿನ ಮೇಲೆ ಹಾಡು ಬೀಳುವುದಿಲ್ಲ.

ಕಳೆದ ಕೆಲವು ದಶಕಗಳಲ್ಲಿ ಈ ವ್ಯವಸ್ಥೆ ಬದಲಾಗಿದೆ. 1990ರಲ್ಲಿ ಅಕಾಲ ಮರಣಕ್ಕೀಡಾದ ಕಾಳಿಂಗ ನಾವಡರು ಬಡಗುತಿಟ್ಟಿಗೆ ಹೊಸ ರಾಗಗಳನ್ನು ತಂದರು. ಅವರ ಪದ್ಯಗಳು ಕ್ಯಾಸೆಟ್ಟುಗಳ ಮೂಲಕ ಮಾತಿನಿಂದ ಬೇರ್ಪಟ್ಟು ಮನೆಮನೆಗೆ ಬಂದವು. ಇಂದು ಗಾನವೈಭವ ಎಂಬ ಹೆಸರಿನಲ್ಲಿ ಇಬ್ಬರು ಮೂವರು ಭಾಗವತರು ಪ್ರಸಂಗದಿಂದ ಬಿಡಿಸಿ ತಂದ ಪದ್ಯಗಳನ್ನು ಸರದಿಯಲ್ಲಿ ಅಥವಾ ಜೊತೆಯಾಗಿ ಹಾಡುವ ಕಾರ್ಯಕ್ರಮ ಊರಿನಲ್ಲಿಯೂ ಮುಂಬಯಿಯ ಉಪನಗರಗಳಲ್ಲಿಯೂ ಜನಪ್ರಿಯವಾಗಿದೆ. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು ಮತ್ತು ನಗರದ ದುಡಿಮೆಯ ವೇಳಾಪಟ್ಟಿಗಳು ಇಡೀ ರಾತ್ರಿಯ ಆಟವನ್ನು ಕಷ್ಟಗೊಳಿಸಿವೆ. ಡಿಜೆಯನ್ನೂ ಅವೇ ನಿಯಮಗಳು ತಡೆಯುತ್ತವೆ. 2018ರ ಗಣೇಶೋತ್ಸವದಲ್ಲಿ ಡಿಜೆ ಮತ್ತು ಡಾಲ್ಬಿ ವ್ಯವಸ್ಥೆಗಳ ಮೇಲಿನ ನಿರ್ಬಂಧವನ್ನು ಸಡಿಲಿಸಲು ಬಾಂಬೆ ಹೈಕೋರ್ಟು ಒಪ್ಪಲಿಲ್ಲ. ಎರಡು ಕಲೆಗಳೂ ತಮ್ಮ ರಾತ್ರಿಯನ್ನು ಕಳೆದುಕೊಂಡು ಎರಡು ಮೂರು ಗಂಟೆಗಳ ಸಂಜೆಗೆ ಬಂದು ನಿಂತಿವೆ.

ಗಾನವೈಭವದ ರಚನೆಯನ್ನು ಡಿಜೆಯ ಪಟ್ಟಿಯ ಜೊತೆ ಇಟ್ಟು ನೋಡಬೇಕು. ಎರಡರಲ್ಲಿಯೂ ಮಾತಿಲ್ಲ ಅಥವಾ ಅತ್ಯಲ್ಪ. ಎರಡರಲ್ಲಿಯೂ ಪದ್ಯಗಳ ಅನುಕ್ರಮವನ್ನು ನಿರ್ಧರಿಸುವುದು ಕಥೆಯಲ್ಲ, ರಾಗ-ತಾಳಗಳ ಏರಿಳಿತ. ಒಂದು ಪ್ರಸಂಗದ ಶೋಕದ ಪದ್ಯದ ಬೆನ್ನಿಗೆ ಇನ್ನೊಂದು ಪ್ರಸಂಗದ ವೀರದ ಪದ್ಯ ಬರಬಹುದು. ಆದುದರಿಂದ ನಮ್ಮದು ಶುದ್ಧ, ಡಿಜೆಯದು ಬೆರಕೆ ಎಂಬ ವಾದ ನಿಲ್ಲುವುದಿಲ್ಲ. ಹಾಡನ್ನು ಅದರ ಸಂದರ್ಭದಿಂದ ಬಿಡಿಸುವ ಕೆಲಸವನ್ನು ಯಕ್ಷಗಾನವೂ ಮಾಡಿಕೊಂಡಿದೆ.

ಆದರೂ ಒಂದು ಮುಖ್ಯ ಭೇದವಿದೆ. ತೆಂಕು ಮತ್ತು ಬಡಗಿನ ಇಬ್ಬರು ಭಾಗವತರು ದ್ವಂದ್ವವಾಗಿ ಹಾಡಬೇಕಾದಾಗ ಇಬ್ಬರ ಸಹಜ ಶ್ರುತಿಗಳು ಬೇರೆಯಾಗಿರಬಹುದು. ಆಗ ಇಬ್ಬರೂ ಮೊದಲೇ ಒಂದು ಶ್ರುತಿಯನ್ನು ಒಪ್ಪಿಕೊಳ್ಳಬೇಕು. ಒಬ್ಬರು ಏರಬೇಕು ಇಲ್ಲವೆ ಇನ್ನೊಬ್ಬರು ಇಳಿಯಬೇಕು. ಎತ್ತರದ ಶ್ರುತಿಗೆ ಒಗ್ಗಿದ ಕಂಠ ಕೆಳಗಿಳಿದಾಗ ಅದರ ಕಸುವು ಕಡಿಮೆಯಾಗುವುದನ್ನೂ, ತಗ್ಗಿನ ಕಂಠ ಮೇಲೇರಿದಾಗ ಸಾಹಿತ್ಯ ಅಸ್ಪಷ್ಟವಾಗುವುದನ್ನೂ ಸಭೆ ಕೇಳುತ್ತದೆ. ಯಾರು ಯಾರಿಗೆ ಎಷ್ಟು ಸಂದರು ಎಂಬುದು ಮನುಷ್ಯಕಂಠದಲ್ಲಿ ಮರೆಯಾಗುವುದಿಲ್ಲ. ಯಂತ್ರದ ಸಂಯೋಗದಲ್ಲಿ ಈ ಲೆಕ್ಕ ಅಳಿಸಿಹೋಗುತ್ತದೆ. ಎರಡು ಶ್ರುತಿ ಇಳಿಸಿದ ಹಾಡು ತಾನು ಇಳಿದೆನೆಂದು ಹೇಳಿಕೊಳ್ಳುವುದಿಲ್ಲ. ಈ ಕಾಣದ ವೆಚ್ಚವನ್ನು ಕಾಣಿಸುವುದು ವಿಮರ್ಶಕನ ಕೆಲಸ.

7

ಪ್ರಾಚೀನ ಸಾಹಿತ್ಯದ ವಿದ್ಯಾರ್ಥಿಗೆ ಈ ಚರ್ಚೆಯಲ್ಲಿ ಇನ್ನೊಂದು ಎಳೆ ಕಾಣುತ್ತದೆ. ಯಕ್ಷಗಾನ ಪ್ರಸಂಗಗಳಲ್ಲಿ ಪ್ರತಿಯೊಂದು ಪದ್ಯದ ತಲೆಯ ಮೇಲೆ ರಾಗ ಮತ್ತು ತಾಳದ ಹೆಸರು ಇರುತ್ತದೆ. ಹರಿದಾಸರ ಕೀರ್ತನೆಗಳಲ್ಲಿಯೂ ಶರಣರ ಸ್ವರವಚನಗಳಲ್ಲಿಯೂ ಇದೇ ಪದ್ಧತಿ. ಹಾಡಿನ ಕಡತದ ಮೇಲೆ ಯಂತ್ರ ಬರೆಯುವ ಶ್ರೇಣಿ-ವೇಗಗಳ ಗುರುತಿಗೆ ಇದು ಪೂರ್ವರೂಪದಂತೆ ಕಾಣಬಹುದು. ಆದರೆ ಹಸ್ತಪ್ರತಿಯ ಸೂಚನೆ ಹಾಡುವವನಿಗೆ ಕೊಟ್ಟ ನೆನಪೋಲೆ. ರಾಗದ ನಡೆ ಅವನ ಗುರುವಿನಿಂದ ಬರಬೇಕಾಗಿತ್ತು. ಆ ಬಾಯಿಪಾಠ ತಪ್ಪಿದಾಗ ಏನಾಯಿತೆಂಬುದು ನಮ್ಮ ಕಣ್ಣಮುಂದೆಯೇ ಇದೆ. ಎಷ್ಟೋ ಕೀರ್ತನೆಗಳ ಮೂಲ ಧಾಟಿ ಮರೆತುಹೋಗಿ ಇಂದು ಅವು ಬೇರೆ ರಾಗಗಳಲ್ಲಿ ಕೇಳಿಬರುತ್ತವೆ. ಶಿರೋಲೇಖ ಉಳಿಯಿತು, ಮಟ್ಟು ಹೋಯಿತು. ಅಂಕಿಯನ್ನು ನೆಚ್ಚಿಕೊಂಡ ಸಂಗೀತಕ್ಕೆ ನಮ್ಮ ಸಾಹಿತ್ಯಚರಿತ್ರೆ ಕೊಡಬಹುದಾದ ಎಚ್ಚರಿಕೆ ಇದು.

ಭಾಷೆಗಳ ಗಡಿಯನ್ನು ದಾಟಿ ಹಾಡುಗಳನ್ನು ಒಟ್ಟಿಗೆ ಇಡುವ ಪದ್ಧತಿಯೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಗೀತಪ್ರಕರಣದಲ್ಲಿ ತ್ರಿಪದಿ, ಷಟ್ಪದಿಗಳ ಜೊತೆಯಲ್ಲಿಯೇ ಓವಿಯ ಪ್ರಸ್ತಾಪ ಬರುತ್ತದೆ. ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಅದನ್ನು ಹಾಡುತ್ತಾರೆಂದು ಅಲ್ಲಿ ಹೇಳಿದೆ. ಗಮನಿಸಬೇಕಾದದ್ದೆಂದರೆ, ಕನ್ನಡ ನಾಡಿನ ಆ ದೊರೆ ನೆರೆಯ ಭಾಷೆಯ ಹಾಡನ್ನು ಅದರ ಒನಕೆಯ ಲಯದ ಸಮೇತ ದಾಖಲಿಸಿದ. ಹಾಡು ಯಾವ ದುಡಿಮೆಯಿಂದ ತನ್ನ ಗತಿಯನ್ನು ಪಡೆಯಿತೋ ಆ ದುಡಿಮೆಯನ್ನು ಬಿಟ್ಟು ಹಾಡನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಶಾಸ್ತ್ರವೇ ಎಲ್ಲವೂ ಅಲ್ಲವೆಂಬ ಮಾತೂ ನಮ್ಮಲ್ಲಿದೆ. ತಾಳಮಾನಗಳ ಲೆಕ್ಕ ತನಗೆ ತಿಳಿಯದೆಂದು, ಒಲಿದಂತೆ ಹಾಡುವೆನೆಂದು ಬಸವಣ್ಣನವರು ವಚನವೊಂದರಲ್ಲಿ ಹೇಳುತ್ತಾರೆ. ಆ ಮಾತನ್ನು ಅಜ್ಞಾನದ ಸಮರ್ಥನೆಯಾಗಿ ಓದುವವರಿದ್ದಾರೆ. ಲೆಕ್ಕದ ಪದಗಳನ್ನೆಲ್ಲ ಹೆಸರಿಸಿ ಅವನ್ನು ಬದಿಗಿಟ್ಟವರು ಅವುಗಳನ್ನು ಅರಿಯದವರಾಗಿರಲಾರರು. ಲೆಕ್ಕವನ್ನು ಬಲ್ಲವನು ಮಾತ್ರ ಅದನ್ನು ಮೀರುವ ಹಕ್ಕನ್ನು ಪಡೆಯುತ್ತಾನೆ.

ಹೊರನಾಡಿನಲ್ಲಿ ಕೆಲಸ ಮಾಡುತ್ತಿರುವ ಸಂಶೋಧಕರ ಮುಂದೆ ಈ ಹಿನ್ನೆಲೆಯಲ್ಲಿ ಮೂರು ಕೆಲಸಗಳಿವೆ. ಮುದ್ರಿತ ಪ್ರಸಂಗಗಳ ರಾಗ-ತಾಳದ ಸೂಚನೆಗಳನ್ನು ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಇಂದು ಹಾಡುತ್ತಿರುವ ಕ್ರಮದೊಡನೆ ಹೋಲಿಸಿ ವ್ಯತ್ಯಾಸಗಳನ್ನು ಗುರುತಿಸುವುದು ಮೊದಲನೆಯದು. ದ್ವಂದ್ವ ಹಾಡುಗಾರಿಕೆಯಲ್ಲಿ ಒಪ್ಪಿಕೊಂಡ ಶ್ರುತಿ ಯಾವುದು, ಅದಕ್ಕಾಗಿ ಬಿಟ್ಟ ಸ್ವಂತ ಶ್ರುತಿ ಯಾವುದು ಎಂಬುದನ್ನು ಭಾಗವತರ ಬಾಯಿಂದಲೇ ಕೇಳಿ ಬರೆದಿಡುವುದು ಎರಡನೆಯದು. ಕೋಳಿಗೀತೆ, ಓವಿ, ತ್ರಿಪದಿ, ಷಟ್ಪದಿಗಳ ಗತಿಗಳನ್ನು ಮರಾಠಿ ವಿದ್ವಾಂಸರ ಸಹಕಾರದಿಂದ ಒಂದೇ ಅಧ್ಯಯನದಲ್ಲಿ ತರುವುದು ಮೂರನೆಯದು. ಈ ಸಾಮಗ್ರಿ ಕೈಗೆ ಬಂದ ಮೇಲೆ ರೀಮಿಕ್ಸ್ ಮಾಡುವ ತರುಣರಿಗೆ ನಾವು ಉಪದೇಶ ಮಾಡಬೇಕಾಗಿಲ್ಲ; ಭಾಮಿನಿಯ ಏಳು ಆವರ್ತಗಳ ಲೆಕ್ಕವನ್ನು ಅವರ ಮುಂದೆ ಇಟ್ಟರೆ ಸಾಕು.

ಎರಡು ಹಾಡುಗಳನ್ನು ಕೂಡಿಸಬಾರದೆಂಬ ನಿಯಮ ನಮ್ಮ ಪರಂಪರೆಯಲ್ಲಿ ಎಲ್ಲಿಯೂ ಇಲ್ಲ. ಕೂಡಿದ ಮೇಲೆ ಎರಡನ್ನೂ ಗುರುತಿಸುವಂತಿರಬೇಕು ಎಂಬ ಅಪೇಕ್ಷೆಯಿದೆ. ಆ ಅಪೇಕ್ಷೆಯನ್ನು ಅಂಕಿ ಪೂರೈಸಲಾರದು. ಆಧಾರ ಯಾವುದು, ಗತಿ ಯಾವುದು ಎಂದು ಕೇಳಿಕೊಳ್ಳುವ ಕಿವಿ ಪೂರೈಸೀತು.